ಅಣ್ಣನ ಪಾಲಿನ ಹಾಲು

ಕೊಟ್ರೇಶಣ್ಣಾ,

ಪಂಚಮಿಗೆ ಕರಿಯಾಕ ನೀ ಬರಲಿಲ್ಲ, ಕುಷ್ಟಗಿಯಿಂದ ನಾನ ಬಸ್ ಹಿಡದ ತವರಿಗೆ ಬಂದೆ. ಅವ್ವ ಮಣ್ಣಿನ ನಾಗಪ್ಪನ ಬಾಜೂಕ ನೀ ಅಂಡಮಾನದಾಗ ನೀರಾಗ ಮುಳುಗಿ ಕಡೀಕ ತಗದ ಫೋಟೋ ಇಟ್ಟಿದ್ಲು. ಹವಳದ ಸಂದ್ಯಾಗಿನ ಸಮುದ್ರದ ಹಾವು, ಅದರ ಮೈಯಾಗಿನ ಹುರುಪಿ ಎಣಿಸೂವಷ್ಟು ಹತ್ರ. "ಅದು ಸಾಧು ಐತಿ, ನಾವು ಮೈಮ್ಯಾಲ ಹೋಗದಿದ್ರ ಕಚ್ಚೂದಿಲ್ಲ" ಅಂತಿದ್ದಿ. ಮತ್ತ ಅದರ ಮೂತಿಗೆ ಕ್ಯಾಮೆರಾ ಹಿಡದ ಮೈಮ್ಯಾಲ ಹೋದವ ಯಾರು, ಶಾಣ್ಯಾ? ಕಚ್ಚಿಸಿಕೊಂಡು ಸತ್ತಿ.

ಅವ್ವ ಕೊಬ್ಬರಿ ಬಟ್ಟಲದಾಗ ಹಾಲು ತುಂಬಿ, ದೇವರ ಪಾಲು, ಅಪ್ಪನ ಪಾಲು ಅಂತ ಎರದ್ಲು. "ಅಣ್ಣನ ಪಾಲು ನೀ ಎರಿ" ಅಂತ ನನ್ನ ಕೈಗೆ ಕೊಟ್ಲು. ಫೋಟೋದಾಗಿನ ಹಾವು ನನ್ನ ನೋಡಾಕತ್ತಿತ್ತು.

ನಾ ಎರೀಲಿಲ್ಲ. ಅವ್ವನ ಎದುರಿಗೇ ಗಟಗಟ ಕುಡದಬಿಟ್ಟೆ. ಆ ಹಾವಿಗೆ ನಿನ್ನ ಒಮ್ಮೆ ಕೊಟ್ಟದ್ದ ಸಾಕು.