ಹುಣಸೆಹಣ್ಣು ತಿಂದ ನಂಬರು

ಹನಮಂತನ ಅಪ್ಪನವರಿಗೆ,

ಬದುಕಿದ್ದಾಗ ನನ್ನ ಮಾತನ್ನು ನೀವು ಯಾವತ್ತಾದರೂ ಪೂರ್ತಿ ಕೇಳಿದ್ದುಂಟೇ? ಅರ್ಧಕ್ಕೇ ಎದ್ದು ರುಮಾಲು ಸುತ್ತಿಕೊಂಡು ಹೊರಟುಬಿಡುತ್ತಿದ್ದಿರಿ. ಈಗ ಏಳುವ ಹಾಗಿಲ್ಲ, ಕೇಳಿ. ಮೂರನೆಯ ಇಯತ್ತೆ ಕಲಿತ ಕೈ ನನ್ನದು, ಅಕ್ಷರ ಸೊಟ್ಟಗಿವೆ. ವಿಷಯ ಸೊಟ್ಟಗಿಲ್ಲ. ನಿಮ್ಮ ಬಂದೂಕಿನ ನಂಬರು ಅಳಿಸಿದ್ದು ಹುಸೇನ ಅಲ್ಲ. ನಾನು.

ಆ ಬಂದೂಕು ನಮ್ಮೂರು ಯರಗುಪ್ಪಿಗೆ ಬಂದ ದಿನ ನೆನಪಿದೆಯೇ? ಧಾರವಾಡದ ಬಿಳಿ ಸಾಹೇಬ ತನ್ನ ದೇಶಕ್ಕೆ ಗಂಟು ಕಟ್ಟುವಾಗ, ಅವನ ಕುದುರೆ ನೋಡಿಕೊಂಡಿದ್ದ ನಿಮಗೆ ಕೊಟ್ಟು ಹೋದದ್ದು. ಲೈಸೆನ್ಸನ್ನೂ ನಿಮ್ಮ ಹೆಸರಿಗೆ ಮಾಡಿಸಿಕೊಟ್ಟಿದ್ದ. ಅರ್ಧ ಊರು ನಮ್ಮ ಕಟ್ಟೆಯ ಮುಂದೆ ನಿಂತಿತ್ತು. ಊರಲ್ಲಿದ್ದ ಬೇರೆ ಬಂದೂಕುಗಳು ನಡುವಿಗೆ ಮಡಚಿ ತೋಟಾ ತುಂಬುವಂಥವು. ಇದಕ್ಕೆ ಬಾಜುವಿನಲ್ಲಿ ಗುಂಡನೆಯ ತಲೆಯ ಒಂದು ಹಿಡಿಕೆ. ಅದನ್ನು ಎತ್ತಿ ಹಿಂದಕ್ಕೆ ಎಳೆದು, ತೋಟಾ ಇಟ್ಟು, ಮುಂದಕ್ಕೆ ತಳ್ಳಿ ಕೆಳಗೆ ಹಾಕಬೇಕು.

“ಇದು ಬಂದೂಕೋ, ನಮ್ಮ ಕೊಟ್ಟಿಗಿ ಚಿಲಕೋ?” ಎಂದೆ. ಜನ ನಕ್ಕರು. ನಿಮಗೆ ಸಿಟ್ಟು ಬಂತು, ಆದರೆ ಹೆಸರು ಉಳಿಯಿತು. ನೀವು ಸಾಯುವವರೆಗೂ ಅದು ಚಿಲಕದ ಬಂದೂಕೇ.

“ಮಿಲಿಟರಿ ರೈಫಲ್ ಐತಿ ಇದು, ಪೊಲೀಸ್ರು ಎಳಕೊಂಡ ಹೋಗ್ತಾರ” ಎಂದು ಯಾರೋ ಹೆದರಿಸಿದ್ದಕ್ಕೆ ನೀವು ಸಂಶಿಯಿಂದ ಹುಸೇನನನ್ನು ಕರೆಸಿದಿರಿ. ಸಂತೆಯ ಓಣಿಯಲ್ಲಿ ಬಂದೂಕು ರಿಪೇರಿಯ ಅಂಗಡಿ ಅವನದು. ಚಿಲಕವನ್ನು ಪೂರ್ತಿ ಹೊರಗೆ ಎಳೆದು, ನಳಿಗೆಯನ್ನು ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದ.

“ಅಣ್ಣಾ, ರೈಫಲ್ ಆಗಿದ್ರ ಒಳಗ ಸುರುಳಿ ಗೆರಿ ಇರ್ತಾವು. ಇದು ಕೊಳಲಿನಂಗ ನುಣ್ಣಗ ಐತಿ. ಹಕ್ಕಿ, ಮೊಲ ಹೊಡಿಯೂ ಬಂದೂಕ. ಮಂದಿ ಚಿಲಕ ನೋಡಿ ಮೋಸ ಹೋಗ್ತಾರ. ನೀ ಅಂಜಬ್ಯಾಡ.”

ನಾನು ಚಹಾ ತರಲು ಒಳಗೆ ಹೋದಾಗ ಅವನು ಕಬ್ಬಿಣದ ಮೇಲಿನ ನಂಬರನ್ನೂ ಕಾಗದದ ನಂಬರನ್ನೂ ಹೋಲಿಸಿ ನೋಡಿದನಂತೆ. ಎರಡೂ ಒಂದೇ. ಆ ದಿನದಿಂದ ನೀವು ಅವನಿಗೆ ಅಣ್ಣ, ಅಣ್ಣನ ಹೆಂಡತಿ ನಾನು ವೈನಿ.

ಜೋಳ ಕೊಯ್ದ ಹೊಲದಲ್ಲಿ ನಿಮ್ಮಿಬ್ಬರ ಬೇಟೆಯನ್ನು ಬುತ್ತಿ ತಂದ ನಾನು ಬದುವಿನ ಮೇಲೆ ಕೂತು ಎಷ್ಟು ಸಲ ನೋಡಿಲ್ಲ? ಮೊಲ ಬಿದ್ದ ಕೂಡಲೇ ಹುಸೇನ ಚೂರಿ ಹಿಡಿದು ಓಡುತ್ತಿದ್ದ, “ತಡಿ ಅಣ್ಣಾ, ತಡಿ, ಇನ್ನಾ ಜೀವ ಐತಿ!” ಜೀವ ಇರುವಾಗಲೇ ಅವನು ಬಿಸ್ಮಿಲ್ಲಾ ಎಂದು ಕೊಯ್ಯದಿದ್ದರೆ ಅವನ ಮನೆಯಲ್ಲಿ ತಿನ್ನುವುದಿಲ್ಲ. ಅದಕ್ಕಾಗಿ ನೀವು ಎರಡನೆಯ ಗುಂಡು ಹಾಕದೆ ನಿಂತುಬಿಡುತ್ತಿದ್ದಿರಿ. ಕುಂಟುವ ಮೊಲ ಹತ್ತಿಯ ಹೊಲ ಸೇರಿ ಮಾಯ.

“ನಿಮ್ಮಿಬ್ಬರ ದೋಸ್ತಿ ಮೊಲಕ್ಕ ಅಗದಿ ಛಲೋ ಐತಿ ನೋಡ್ರಿ” ಎಂದು ನಾನು ಅಣಕಿಸಿದರೆ ಇಬ್ಬರೂ ಹೊಟ್ಟೆ ಹಿಡಿದು ನಗುತ್ತಿದ್ದಿರಿ. ಆ ದೋಸ್ತಿಯನ್ನು ನಾನು...

ಇರಲಿ, ಕ್ರಮವಾಗಿ ಹೇಳುತ್ತೇನೆ.

ಮಹಾನವಮಿಯ ಖಂಡೆಪೂಜೆಯ ಒಂದು ಮುಂಜಾನೆ. ಮಣೆಯ ಮೇಲೆ ಕುಡುಗೋಲು, ಕುರ್ಪಿ, ಕೊಡಲಿ, ತಾಮ್ರದ ತಂಬಿಗೆ ಎಲ್ಲ ಥಳಥಳ. ನಡುವೆ ನಿಮ್ಮ ಬಂದೂಕು ಕರ್ರಗೆ. ಬಾಜೂ ಮನೆಯ ಗಂಗವ್ವ ಆರತಿಗೆ ಬಂದವಳು, “ಇದನ್ನೇನ ಒಲಿಯಾಗಿಂದ ತಗದ ಇಟ್ಟೀಯೇನಬೇ?” ಎಂದಳು. ಬೇರೆಯವರಿಗೆ ನಾನು ಅನ್ನಬಹುದು. ನನಗೆ ಯಾರಾದರೂ ಅಂದರೆ ತಡೆದುಕೊಂಡೇನೇ? ಮುಂದಿನ ವರ್ಷ ನೀವು ಬನ್ನಿ ತರಲು ಹೋದದ್ದೇ ತಡ, ಹುಣಸೆಹಣ್ಣು, ಇಟ್ಟಿಗೆ ಪುಡಿ ತಗೊಂಡು ಹಿತ್ತಲಲ್ಲಿ ಕೂತೆ. “ಎಣ್ಣಿ ಅರಿವಿಲೆ ಅಷ್ಟ ಒರಸು, ಮತ್ತೇನೂ ಹಚ್ಚಬ್ಯಾಡ” ಎಂದು ನೀವು ನೂರು ಸಲ ಹೇಳಿದ್ದಿರಿ. ನಾನು ತಿಕ್ಕಿ, ತೊಳೆದು, ಒಣಗಿಸಿ, ಮೇಲೆ ಕುಸುಬಿ ಎಣ್ಣೆ ಸವರಿ ಇಟ್ಟೆ.

ಹೀಗೆ ಇಪ್ಪತ್ತೈದು ಮಹಾನವಮಿ. ನಿಮಗೆ ಗೊತ್ತಾಗಲೇ ಇಲ್ಲ. “ಹಳೇದಾದಂಗ ಬೆಳ್ಳಿ ಆಗಾಕತ್ತೈತಿ ನೋಡ್, ಇಂಗ್ಲೀಷ್ ಕಬ್ಬಿಣಾ!” ಎಂದು ಬಂದವರಿಗೆಲ್ಲ ತೋರಿಸುತ್ತಿದ್ದಿರಿ. ನಾನು ಸೆರಗಿನಲ್ಲಿ ನಗುತ್ತಿದ್ದೆ.

ಚಿಲಕದ ಬುಡದಲ್ಲೊಂದು, ನಳಿಗೆಯ ಹಿಂಬದಿಯಲ್ಲೊಂದು, ಇರುವೆಯ ಸಾಲಿನಂಥ ಗೀರುಗಳಿದ್ದವು. ಅವುಗಳೊಳಗೆ ಕಪ್ಪು ಕೂತಿರುತ್ತಿತ್ತು. ನಂಬರು ಇದೆ ಎಂದು ಕೇಳಿದ್ದೆ. ಎಲ್ಲಿದೆ, ಹೇಗಿದೆ ಎಂದು ನನಗೆ ಯಾರು ತೋರಿಸಿದ್ದರು? ಶಾಲೆಯಲ್ಲಿ ನಾನು ಕಲಿತದ್ದು ಕನ್ನಡದ ಅಂಕಿ, ಅವು ಇಂಗ್ಲೀಷಿನವು. ನನ್ನ ಕಣ್ಣಿಗೆ ಅದು ಜಿಡ್ಡು. ಜಿಡ್ಡು ಕೂತಲ್ಲೇ ಅಲ್ಲವೇ ಹೆಚ್ಚು ತಿಕ್ಕಬೇಕಾದದ್ದು? ಬೆರಳಿಗೆ ಪುಡಿ ಹಚ್ಚಿಕೊಂಡು ಅಲ್ಲೇ ಜೋರು ಮಾಡಿ ತಿಕ್ಕಿದೆ. ಒಂದು ವರ್ಷ ಅದು ಪೂರ್ತಿ ಹೋಗಿ ಕಬ್ಬಿಣ ಕನ್ನಡಿಯಂತಾದಾಗ, ಗೆದ್ದೆ ಅಂದುಕೊಂಡೆ.

ಠಾಣೆಗೆ ಹೊಸ ಸಾಹೇಬರು ಬಂದ ವರ್ಷ, ಲೈಸೆನ್ಸಿಗೆ ಮುದ್ರೆ ಬೇಕಾದರೆ ಬಂದೂಕನ್ನೂ ತಂದು ತೋರಿಸಿ ಎಂದರು. ಮುಂಜಾನೆ ಮೀಸೆ ತಿರುವಿಕೊಂಡು ಹೋದವರು ಸಂಜೆ ಬರಿಗೈಯಲ್ಲಿ ಬಂದಿರಿ. ಕಟ್ಟೆಯ ಮೇಲೆ ಕೂತು, ಕೊಟ್ಟ ನೀರನ್ನೂ ಕುಡಿಯದೆ ಹೇಳಿದಿರಿ: “ನಂಬರ ಇಲ್ಲಂತ. ಯಾರೋ ತಿಕ್ಕಿ ತಗದಾರಂತ. ಕದ್ದ ಬಂದೂಕಿಗಷ್ಟ ಹಂಗ ಮಾಡ್ತಾರಂತ. ಮ್ಯಾಲೆ ಚಿಲಕ ನೋಡಿ ರೈಫಲ್ ಇರಬೇಕು ಅಂದ್ರು. ಠಾಣೆದಾಗ ಇಟಗೊಂಡ್ರು.”

‘ತಿಕ್ಕಿ’ ಎಂಬ ಒಂದು ಶಬ್ದ ಸಾಕಾಯಿತು. ನನಗೆ ಎಲ್ಲ ತಿಳಿದುಹೋಯಿತು. ಬಾಯಿ ತೆಗೆದೆ. ಅಷ್ಟರಲ್ಲಿ ನೀವು, “ಅದನ್ನ ಮಾಡಿದಾಂವ ನನ್ನ ಕೈಯಾಗ ಸಿಗಬೇಕು” ಎಂದಿರಿ. ಬಾಯಿ ಮುಚ್ಚಿಕೊಂಡೆ. ಮೊದಲು ನಿಮ್ಮ ಅಂಜಿಕೆ, ಆಮೇಲೆ ಪೊಲೀಸರ ಅಂಜಿಕೆ. ಊರೆಲ್ಲ ನನ್ನ ನಾಲಿಗೆಗೆ ಹೆದರುತ್ತದೆ ಎನ್ನುತ್ತಿದ್ದಿರಲ್ಲ, ಆ ನಾಲಿಗೆ ಆವತ್ತು ಎಲ್ಲಿ ಹೋಗಿತ್ತು?

ಸಂಶಿಯ ಸಂತೆಯ ದಿನ ನಾನು ಮೆಣಸಿನಕಾಯಿ ಆರಿಸುತ್ತಾ ನಿಮ್ಮ ಹಿಂದೆಯೇ ಇದ್ದೆ. ಬಂದೂಕಿನ ಸ್ಪ್ರಿಂಗು ಸಡಿಲಾಗಿದೆ ಎಂದು ಬೇಸಿಗೆಯಲ್ಲಿ ಎಂಟು ದಿನ ಹುಸೇನನ ಅಂಗಡಿಯಲ್ಲಿ ಬಿಟ್ಟದ್ದು ನಿಮಗೆ ನೆನಪಾಗಿತ್ತು. ಅದನ್ನೇ ಹಿಡಿದುಕೊಂಡಿರಿ.

“ಲೇ ಹುಸೇನ್ಯಾ, ನನ್ನ ಬಂದೂಕ ಯಾರಿಗೆ ಮಾರಿದಿ?”

“ಏನಂತಿ ಅಣ್ಣಾ?”

“ನಂಬರ ಅಳಿಸಿದ ಬ್ಯಾರೆ ಬಂದೂಕ ನನ್ನ ಕೈಯಾಗ ಕೊಟ್ಟಿ. ಕಳ್ಳ! ತಿಂದ ಮನಿಗೆ ಹಿಂಗ ಮಾಡಿದಿ!”

ಸಂತೆ ಸಂತೆಯೇ ತಿರುಗಿ ನೋಡಿತು. ಹುಸೇನ ಅಂಗಡಿಯಿಂದ ಕೆಳಗಿಳಿದು ಬಂದ. “ಬಂದೂಕಿನ ಕಟ್ಟಿಗಿ ಒಳಗ, ಕಬ್ಬಿಣದ ಮ್ಯಾಲೆ ಇನ್ನೊಂದ ನಂಬರ ಇರ್ತೈತಿ ಅಣ್ಣಾ. ಠಾಣೆಕ್ಕ ಹೋಗೂಣು ನಡಿ, ಬಿಚ್ಚಿ ತೋರಸ್ತೀನಿ.”

“ಮತ್ತ ನಿನ್ನ ಕೈಯಾಗ ಕೊಡ್ಲೇನು? ಅದನ್ನೂ ತಿಕ್ಕಾಕ?”

ಅವನು ನನ್ನ ಕಡೆ ನೋಡಿದ. “ವೈನಿ, ನೀವರೆ ಹೇಳ್ರಿ.”

ನಾನು ಮೆಣಸಿನಕಾಯಿಯನ್ನು ಚೀಲಕ್ಕೆ ತುಂಬಿದೆ. ಅವನು ದಾರಿ ತೋರಿಸಿದ್ದ. ಒಳಗಿನ ನಂಬರು ಕಾಗದದ ನಂಬರಿಗೆ ಹೊಂದಿದರೆ ಬಂದೂಕು ನಿಮ್ಮದೇ ಎಂದಾಗುತ್ತಿತ್ತು. ಆದರೆ ಹೊರಗಿನದನ್ನು ತಿಕ್ಕಿದ್ದು ಯಾರು ಎಂಬ ಮಾತು ಬರುತ್ತಿತ್ತಲ್ಲ? ಅದಕ್ಕೇ ಸುಮ್ಮನಿದ್ದೆ. ಮನೆಗೆ ಬಂದ ಮೇಲೆ ಹೇಳಬಹುದಿತ್ತು. ಮರುದಿನ ಹೇಳಬಹುದಿತ್ತು. ನೀವು ಇನ್ನೂ ಎರಡು ವರ್ಷ ಬದುಕಿದಿರಿ, ಎರಡು ವರ್ಷದಲ್ಲಿ ಎಷ್ಟು ಮುಂಜಾನೆಗಳು!

ನಿಮ್ಮನ್ನು ಮಣ್ಣು ಮಾಡಿದ ದಿನ ಹುಸೇನ ಬಂದಿದ್ದ. ಓಣಿಯ ತುದಿಯ ಬೇವಿನ ಬುಡದಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಕರೆದರೆ ಬರುತ್ತಿದ್ದ, ಹೊಲದವರೆಗೂ ಬಂದು ಮಣ್ಣು ಹಾಕುತ್ತಿದ್ದ. ಹನಮಂತ, “ಅವ್ವಾ, ಹುಸೇನಕಾಕಾ ಬಂದಾನ” ಎಂದ. ನಾನು ಕೇಳಿಸದವಳ ಹಾಗೆ ಅತ್ತೆ. ನಿಜವಾಗಿಯೂ ಅಳುತ್ತಿದ್ದೆ, ಸುಳ್ಳಲ್ಲ. ಆದರೆ ಕೇಳಿಸಿತ್ತು.

ಕಳೆದ ತಿಂಗಳು ಠಾಣೆಯಿಂದ ಕಾಗದ ಬಂತು. ಬಂದೂಕಿನ ಗುರುತು ಹತ್ತದಿದ್ದರೆ ಅದನ್ನು ನಾಶ ಮಾಡುತ್ತಾರಂತೆ. ಹನಮಂತ, “ಹೋಗ್ಲಿ ಬಿಡು” ಎಂದ. ನನಗೆ ಬಿಡಲಾಗಲಿಲ್ಲ. ಅದನ್ನು ಮುರಿದುಬಿಟ್ಟರೆ ಹುಸೇನ ಸಾಯುವವರೆಗೂ ಕಳ್ಳನೇ. ಒಬ್ಬಳೇ ಬಸ್ಸು ಹತ್ತಿ ಸಂಶಿಗೆ ಹೋದೆ. ಅವನು “ಬರ್ರಿ ವೈನಿ” ಎನ್ನಲಿಲ್ಲ. “ಏನ್ ಬೇಕಾಗಿತ್ರಿ?” ಎಂದ, ಗಿರಾಕಿಗೆ ಕೇಳಿದ ಹಾಗೆ.

“ಹುಸೇನಾ, ಆ ನಂಬರ ತಿಕ್ಕಿ ತಗದಾಕಿ ನಾನ.”

“ಯಾತರಲೆ?”

“ಹುಣಸಿಹಣ್ಣಿಲೆ. ಇಟ್ಟಂಗಿ ಪುಡಿ ಹಾಕಿ. ಪ್ರತಿ ಮಾನವಮಿಗೆ.”

ಕೈಯಲ್ಲಿದ್ದ ಸ್ಟೋವನ್ನು ಕೆಳಗಿಟ್ಟ. “ಮೂರ ವರ್ಷ ಆತ್ರಿ, ಈ ಅಂಗಡಿಗೆ ಒಂದ ಬಂದೂಕ ಬಂದಿಲ್ಲ. ನಂಬರ ಅಳಸಾಂವ ಅಂದ ಮ್ಯಾಲೆ ಯಾರ ಕೊಡ್ತಾರ? ಸ್ಟೋವಿಗೆ ಪಿನ್ನ ಹಾಕ್ಕೋತ ಕುಂತೇನಿ.” ಇಷ್ಟೇ. ಬೈದಿದ್ದರೆ ಹಗುರಾಗುತ್ತಿದ್ದೆ. ಅಂಗಡಿಯ ಹಲಗೆ ಹಾಕಿ, ತಿರುಪುಳಿಯನ್ನು ಕಿಸೆಗೆ ಹಾಕಿಕೊಂಡು, “ನಡೀರಿ” ಎಂದ.

ಠಾಣೆಯಲ್ಲಿ ಸಾಹೇಬರಿಗೆ ನಾನೇ ಎಲ್ಲ ಹೇಳಿದೆ. “ಬಂದೂಕಿಗೆ ಯಾರಾದ್ರೂ ಹುಣಸಿಹಣ್ಣು ಹಚ್ಚತಾರೇನಬೇ ಆಯಿ?” ಎಂದರು. “ದೇವರ ಮುಂದ ಹೊಲಸ ಇಡಬೇಕಂತ ನಿಮ್ಮನ್ಯಾಗ ಕಲಿಸ್ಯಾರೇನ್ರಿ?” ಎಂದೆ. ಮೂಲೆಯಲ್ಲಿದ್ದ ಪೊಲೀಸಪ್ಪ ಮುಖ ತಿರುಗಿಸಿ ನಕ್ಕ. ಹುಸೇನ ಮೊದಲು ಚಿಲಕ ಎಳೆದು ನಳಿಗೆಯ ಒಳಗೆ ಗೆರೆ ಇಲ್ಲದ್ದನ್ನು ತೋರಿಸಿದ. ಆಮೇಲೆ ಕೆಳಗಿನ ಎರಡು ತಿರುಪು ಬಿಚ್ಚಿ ಕಟ್ಟಿಗೆಯನ್ನು ಬೇರೆ ಮಾಡಿದ. ಕಟ್ಟಿಗೆಯ ಹೊಟ್ಟೆಯೊಳಗಿದ್ದ ಕಬ್ಬಿಣದ ಮೈ ಇನ್ನೂ ಆ ಮೊದಲಿನ ಕಪ್ಪೇ. ನನ್ನ ಕೈ ಅಲ್ಲಿಗೆ ಮುಟ್ಟಿರಲಿಲ್ಲ. ಅವನು ಒಂದೊಂದೇ ಅಂಕಿ ಓದಿದ, ಸಾಹೇಬರು ಪುಸ್ತಕದ ಮೇಲೆ ಬೆರಳಿಟ್ಟುಕೊಂಡು ಹೋದರು. ಏಳು. ಒಂದು. ಒಂದು. ಸೊನ್ನೆ. ಎಂಟು. ಬೆರಳು ಎಲ್ಲೂ ತಡೆಯಲಿಲ್ಲ. ಅದು ನಿಮ್ಮದೇ ಬಂದೂಕು. ಕೇಳಿದಿರಾ? ನಿಮ್ಮದೇ. ಯಾರೂ ಬದಲಿಸಿರಲಿಲ್ಲ. ನಾನೇ ತಿಕ್ಕಿದ್ದು ಎಂದು ಬರೆಸಿ ಕೆಳಗೆ ಸಹಿ ಹಾಕಿದೆ. ಹೆಬ್ಬೆಟ್ಟಲ್ಲ, ಸಹಿ.

ಹೊರಗೆ ಬಂದು ಕೈ ಮುಗಿದೆ. ಹುಸೇನ ಕೈ ಮುಗಿಯಲಿಲ್ಲ. “ಠಾಣೆದಾಗ ಹೇಳಿದ್ದು ಸರಕಾರಕ್ಕ ಆತು ವೈನಿ. ಅಣ್ಣಾ ನನಗ ಕಳ್ಳ ಅಂದದ್ದು ಸಂತ್ಯಾಗ.”

ನಿನ್ನೆ ಸಂತೆ. ಅವನ ಅಂಗಡಿಯ ಮುಂದೆ ನಿಂತು ಕೂಗಿ ಹೇಳಿದೆ. ಹುಸೇನ ಏನೂ ಮಾಡಿಲ್ಲ, ನನ್ನ ಗಂಡ ಅಂದದ್ದು ತಪ್ಪು, ತಿಕ್ಕಿದಾಕಿ ನಾನು, ಗೊತ್ತಿದ್ದೂ ಸುಮ್ಮನಿದ್ದಾಕಿ ನಾನು ಎಂದೆ. ಜನ ನಕ್ಕರು! “ಬಂದೂಕ ತೊಳದ ಸಾರ ಮಾಡಿದ್ಯೋ ಏನಬೇ?” ಎಂದ ಒಬ್ಬ. ಇಂಥವನಿಗೆ ಬೇರೆ ದಿನ ನಾನು ಏನು ಅನ್ನುತ್ತಿದ್ದೆ ನಿಮಗೆ ಗೊತ್ತು. ನಗುವವರೆಲ್ಲ ನಕ್ಕು ಮುಗಿಸುವವರೆಗೂ ಅಲ್ಲೇ ನಿಂತೆ. ಹುಸೇನ ಮಾತ್ರ ನಗಲಿಲ್ಲ. ಜನ ಚದುರಿದ ಮೇಲೆ ಒಂದು ಕಪ್ ಚಹಾ ತರಿಸಿ ನನ್ನ ಮುಂದಿಟ್ಟ.

“ಅಣ್ಣನ್ನ ಎಲ್ಲಿ ಮಣ್ಣ ಮಾಡೀರಿ?” ಎಂದು ಕೇಳಿದ.

“ಕೆಳಗಿನ ಹೊಲದಾಗ, ಬದುವಿನ ಬಾಜೂಕ. ಬಾರಪ್ಪಾ, ನಾನ ಕರಕೊಂಡ ಹೋಗ್ತೀನಿ.”

“ಬ್ಯಾಡ್ರಿ, ನಾ ಒಬ್ಬನ ಹೋಗ್ತೀನಿ. ಅಣ್ಣಗ ಬೈಯೂದೈತಿ. ಮೂರ ವರ್ಷದ್ದ ಐತಿ. ನೀವು ಬಾಜೂಕ ನಿಂತ್ರ ನನಗ ಬೈಯಾಕ ಬರೂದಿಲ್ಲ.”

ಬರುವ ಸೋಮವಾರ ಮುಂಜಾನೆಯ ಬಸ್ಸಿಗೆ ಅವನು ಬರುತ್ತಾನೆ. ಎದುರು ಮಾತಾಡಬೇಡಿ, ಪೂರ್ತಿ ಕೇಳಿಸಿಕೊಳ್ಳಿ. ಅವನು ಬೈಯುವುದರಲ್ಲಿ ನಿಮಗೆ ಸೇರಿದ್ದು ಕೊಂಚವೇ ಇರುತ್ತದೆ. ಉಳಿದದ್ದು ನನ್ನ ಪಾಲಿನದು, ಅದನ್ನು ಅಲ್ಲೇ ತೆಗೆದಿಡಿ, ನಾನೂ ಆ ಮಣ್ಣಿಗೆ ಬಂದಾಗ ಒಂದೂ ಬಿಡದೆ ಹೇಳಿ. ಆವತ್ತು ನಾನು ಬಾಯಿ ತೆಗೆಯುವುದಿಲ್ಲ.

ನಿಮ್ಮ ಮನೆಯಾಕೆ