ಏಣಿಯವನಿಗೆ

ಆಸ್ಪತ್ರೆಯ ಎದುರಿನ ಬಾಡಿಗೆ ಕೋಣೆ,
ಹದಿನಾಲ್ಕನೇ ತಾರೀಖು, ಮಂಗಳವಾರ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಹೊಲಿಗೆ ಹಾಕಿದ ಜಾಗ ಈಗ ನೋಯುವುದಿಲ್ಲ ತಾನೆ? ಊಟ ಸೇರುತ್ತದೆಯೆ? ಸೇರುತ್ತದೆ ಬಿಡು, ಫೋಟೋದಲ್ಲಿ ಕೆನ್ನೆ ನೋಡಿದರೇ ಗೊತ್ತಾಗುತ್ತದೆ. ಮೊಮ್ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹಲ್ಲು ಕಿರಿದಿದ್ದೀಯಲ್ಲ, ಅದನ್ನು ನಿನ್ನತ್ತಿಗೆ ಕಿಟಕಿಗೆ ಒರಗಿಸಿಟ್ಟಿದ್ದಳು. ನಾನು ಗೋಡೆಯ ಕಡೆಗೆ ತಿರುಗಿಸಿಟ್ಟೆ.

ನನ್ನ ಸುದ್ದಿ ಕೇಳು. ಶ್ವಾಸಕೋಶಕ್ಕೆ ಹೋಗಿದೆ. ಎಡಗಡೆ ಎರಡು ಚುಕ್ಕೆ. ಕೆಮ್ಮಿಲ್ಲ, ಉಬ್ಬಸವಿಲ್ಲ, ಸ್ಕ್ಯಾನಿನಲ್ಲಿ ಕಂಡಿತು. ಜೀವಮಾನದಲ್ಲಿ ಸಿಗರೇಟು ಮುಟ್ಟಿದವನಲ್ಲ ಎಂದು ಡಾಕ್ಟರಮ್ಮನ ಮೇಲೆ ರೇಗಿದೆ. ನನ್ನ ಮಗಳ ವಯಸ್ಸಿನವಳು, ಹೆದರಲಿಲ್ಲ. "ಯಜಮಾನ್ರೇ, ಇದು ಶ್ವಾಸಕೋಶದ ಕ್ಯಾನ್ಸರ್ ಅಲ್ಲ. ನಿಮ್ಮ ಕರುಳಿಂದೇ, ಅಲ್ಲಿ ಹೋಗಿ ಕೂತಿದೆ" ಅಂದಳು. ಅಂದು ಕರುಳಿನ ಗಡ್ಡೆ ಕೊಯ್ದು ತೆಗೆಯುವ ಮೊದಲೇ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಅದರ ಬೀಜ ರಕ್ತಕ್ಕೆ ಬಿದ್ದಿತ್ತಂತೆ. ನನ್ನ ತಮ್ಮನಿಗೂ ಇದೇ ರೋಗ, ಇದೇ ಆಪರೇಷನ್, ಅವನಿಗೇಕೆ ಹೀಗಾಗಲಿಲ್ಲ ಎಂದೆ. ಶಾಲೆ ಬಿಟ್ಟವನಿಗೂ ತಿಳಿಯುವ ಹಾಗೆ ಗೆರೆ ಎಳೆದು ತೋರಿಸಿದಳು. ನಿನ್ನ ಗಡ್ಡೆ ಮೇಲಿನ ಕರುಳಲ್ಲಿತ್ತು. ಅಲ್ಲಿನ ರಕ್ತ ಮೊದಲು ಲಿವರ್ ಹೊಕ್ಕು ಆಮೇಲೆ ಮುಂದಕ್ಕೆ ಹೋಗುತ್ತದೆ. ನನ್ನದು ತೀರಾ ತಳದಲ್ಲಿ. ಆ ತಳಕ್ಕೆ ಇನ್ನೊಂದು ಲೈನೂ ಇದೆ: ಸೀದಾ ಹೃದಯ, ಅಲ್ಲಿಂದ ಶ್ವಾಸಕೋಶ.

ಕೇಳಿ ಮೈಯೆಲ್ಲ ಉರಿಯಿತು ಕಣೋ. ಕೊಳಾಯಿ ಕೆಲಸದಲ್ಲೂ ಹೀಗೇ ಅಲ್ಲವೆ? ನೀನು ಏಣಿ ಹತ್ತಿ ಟ್ಯಾಂಕಿನ ಪೈಪು ಜೋಡಿಸುತ್ತ ತಣ್ಣನೆ ಗಾಳಿ ಕುಡಿಯುತ್ತಿದ್ದೆ, ನಾನು ಚರಂಡಿ ಪೈಪಿನ ಗುಂಡಿಯಲ್ಲಿ. "ಅಣ್ಣಾ, ನಿಂಗೆ ತಲೆ ತಿರುಗುತ್ತೆ, ಕೆಳಗೇ ಇರು" ಅನ್ನುತ್ತಿದ್ದೆ, ಭಾರಿ ಕಾಳಜಿಯವನು! ಮೇಸ್ತ್ರಿ ನಿನಗೆ ಏಣಿ ಎಂದು ಹೆಸರಿಟ್ಟ, ನನಗೆ ಗುಂಡಿ ಎಂದು. ರೋಗದಲ್ಲೂ ನಿನಗೆ ಮೇಲು, ನನಗೆ ಗುಂಡಿ. ನಲವತ್ತು ವರ್ಷ ಹೊಗೆ ಬಿಟ್ಟವನು ನೀನು, ಶ್ವಾಸಕೋಶ ಕೊಯ್ಸಿಕೊಳ್ಳುವವನು ನಾನು.

ಎರಡೇ ಚುಕ್ಕೆಯಾದ್ದರಿಂದ ಕೊಯ್ದು ತೆಗೆಯಬಹುದಂತೆ. ಮತ್ತೆ ಬರುವುದಿಲ್ಲ ಎಂದು ಮಾತು ಕೊಡಲಾರೆ ಅಂದಳು. ಸುಳ್ಳು ಹೇಳಲಿಲ್ಲವಲ್ಲ, ಅದಕ್ಕೆ ಎರಡನೇ ಸಲ ರೇಗಲಿಲ್ಲ. ಮುಂದಿನ ವಾರ ಆಪರೇಷನ್ನಿಗೆ ಒಳಗೆ ಕರೆದೊಯ್ಯುತ್ತಾರೆ.

ನಿನ್ನ ಹೆಂಡತಿಗೆ, ಮಕ್ಕಳಿಗೆ, ಹೆಗಲೇರಿದ ಪುಟ್ಟಿಗೆ ನನ್ನ ಆಶೀರ್ವಾದ. ನಿನಗೂ ಇದೆ, ಸ್ವಲ್ಪ ಕಡಿಮೆ.

ನಿನ್ನ ಅಣ್ಣ,
ಗುಂಡಿ

ಇನ್ನೊಂದು ಮಾತು: ನಿನ್ನ ಹೆಂಡತಿ ಫೋನಿನಲ್ಲಿ ಅತ್ತಳು. ಗುಣವಾಯ್ತು ಎಂದು ಹೇಳಿಕೊಂಡು ನೀನು ಸ್ಕ್ಯಾನಿಗೇ ಹೋಗುತ್ತಿಲ್ಲವಂತೆ. ಪೈಪಿಗೆ ನೀರು ತುಂಬಿಸಿ ಸೋರುತ್ತದೋ ಎಂದು ನೋಡದೆ ಗೋಡೆ ಮುಚ್ಚುವ ನಿನ್ನ ಹಳೇ ಚಾಳಿ. ಎಷ್ಟು ಗೋಡೆ ಒಡೆದಿದ್ದೇನೋ ನಿನ್ನ ದೆಸೆಯಿಂದ! ಮೇಲಿನ ಲೈನಿನಿಂದಲೂ ಲಿವರಿಗೆ, ಶ್ವಾಸಕೋಶಕ್ಕೆ ಹೋಗಬಹುದಂತೆ, ಕೇಳಿಕೊಂಡಿದ್ದೇನೆ. ಕಾಗದ ಕೈಗೆ ಬಂದ ದಿನವೇ ಹೋಗು. ಏನೂ ಇಲ್ಲ ಅಂದರೆ, ನನ್ನನ್ನು ಒಳಗೆ ಕರೆದೊಯ್ಯುವ ಮೊದಲೇ ಫೋನ್ ಮಾಡಿ ಬೇಕಾದಷ್ಟು ಜಂಬ ಕೊಚ್ಚು. ಹೊಟ್ಟೆ ಉರಿದುಕೊಂಡು ಹಾಯಾಗಿ ಹೋಗಿ ಮಲಗುತ್ತೇನೆ.