ಎಣಿಕೆಯಲ್ಲಿ ಒಬ್ಬ ಕಡಿಮೆ

ನರಗುಂದ,
ತಾ. ೯-೧೨-೧೯೫೬

ಪ್ರೀತಿಯ ಅಜ್ಜಪ್ಪಣ್ಣನಿಗೆ ತಂಗಿ ಶೇಖವ್ವನ ನಮಸ್ಕಾರಗಳು.

ನೀನು ಆರಾಮ ಇದ್ದೀಯಾ? ಮುಂಬಯಿಯ ಗಿರಣಿಗಳಲ್ಲಿ ಹತ್ತಿಯ ಧೂಳು ಭಾಳ ಎಂದು ಕೇಳಿದ್ದೇನೆ. ಚಿಕ್ಕಂದಿನ ನಿನ್ನ ಕೆಮ್ಮು ಮತ್ತೆ ಬಂದಿಲ್ಲವಷ್ಟೆ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ ಇಲ್ಲವೋ. ನಿನ್ನ ಈಗಿನ ವಿಳಾಸವನ್ನು ಬಾಜೂಮನೆಯ ನಿನ್ನ ಗೆಳೆಯ ಮೈನುದ್ದೀನ ಮೊನ್ನೆ ಯಾರನ್ನೋ ಕೇಳಿ ಬರೆಸಿಕೊಂಡು ಬಂದ. ಮೊದಲ ವರ್ಷ ನೀನು ಬರೆದ ಒಂದೇ ಕಾರ್ಡಿನ ವಿಳಾಸಕ್ಕೆ ನಾವು ಕಳಿಸಿದ ತಂತಿ ನಿನಗೆ ಮುಟ್ಟಿಲ್ಲವೆಂದು ಆಗ ತಿಳಿಯಿತು. ಹೀಗಾಗಿ ಸುದ್ದಿಯನ್ನು ನಾನೇ ಬರೆಯಬೇಕಾಗಿದೆ. ಕುಳಿತು ಓದು, ಅಣ್ಣಾ. ಅಪ್ಪ ದಸರೆಗಿಂತ ಮುಂಚೆ ತೀರಿಕೊಂಡ. ಎರಡು ತಿಂಗಳ ಮೇಲಾಯಿತು. ನಮ್ಮೂರು ಮೈಸೂರು ರಾಜ್ಯಕ್ಕೆ ಸೇರಿದ್ದನ್ನೂ ಅವನು ನೋಡಲಿಲ್ಲ.

ಮೆಣಸಗಿಯಿಂದ ಬರಿಗಾಲಲ್ಲಿ ನಡೆದು ಬಂದು ಮೂವತ್ತೊಂದು ವರ್ಷ ರೈತರ ಹತ್ತಿ ಮಾರಿಸಿಕೊಡುವ ಒಂದೇ ಅಡತಿ ಅಂಗಡಿಯ ದಿವಾನಜಿಯಾಗಿ ಲೆಕ್ಕ ಬರೆದವನು. ಮಧ್ಯಾಹ್ನ ಅಂಗಡಿಯವರೆಲ್ಲ ಅಡ್ಡಾದಾಗ ಅವನು ಬಿಸಿಲಲ್ಲಿ ಮನೆಗೆ ಬಂದು ಅವ್ವನ ಕಣ್ಣಿಗೆ ಔಷಧಿ ಹಾಕಿ ತಿರುಗಿ ಹೋಗುತ್ತಿದ್ದ. ನನಗೆ ಅಕ್ಷರ ಕಲಿಸುವಾಗ, ‘ಹೆಣ್ಣ ಹುಡುಗಿಗೆ ಯಾಕ್ರಿ ಇದು’ ಎಂದವರಿಗೆ, ‘ನಾಳೆ ಗಂಡನ ಮನಿಯಿಂದ ಅಕಿ ನನಗ ಕಾಗದ ಬರೀಬೇಕಲ್ರಿ’ ಎನ್ನುತ್ತಿದ್ದ. ಮದುವೆಯಾದ ಮೇಲೆ ಗಜೇಂದ್ರಗಡದಿಂದ ನಾನು ಬರೆದದ್ದನ್ನು ಅಂಗಡಿಗೆ ಬಂದ ರೈತರಿಗೂ ಓದಿ ಹೇಳುತ್ತಿದ್ದನಂತೆ.

ನೀನು ಊರು ಬಿಟ್ಟ ದಿನದ ಮಾತನ್ನು ಎಂಟು ವರ್ಷ ಮನೆಯಲ್ಲಿ ಯಾರೂ ಎತ್ತಲಿಲ್ಲ. ಪುರ್ತಗೇರಿಯ ರೈತರ ಹತ್ತಿ ತೂಗುವಾಗ, ಅಂಗಡಿಯ ಸಾಹುಕಾರರ ಕಣ್ಸನ್ನೆಗೆ ನೀನು ತೂಕ ಕಡಿಮೆ ಬರಲೆಂದು ಮೊಣಕಾಲಿನಿಂದ ಚೀಲವನ್ನು ತುಸು ಎತ್ತಿ ಹಿಡಿದೆ. ಅಪ್ಪ ಗಾದಿಯಿಂದ ಎದ್ದು ಬಂದು ಎಲ್ಲರೆದುರು, ‘ನನ್ನ ಮಗ ಸುಳ್ಳು ತೂಗ್ಯಾನ. ಮತ್ತ ತೂಗ್ರಿ’ ಎಂದ. ನೀನು ಮನೆಗೂ ಬಾರದೆ ಸಂಜೆಯ ಬಸ್ಸು ಹತ್ತಿದೆ. ಸಾಹುಕಾರರು ಅಪ್ಪನನ್ನು ಕೆಲಸದಿಂದ ಬಿಡಿಸಲಿಲ್ಲ. ಅವನಿಲ್ಲದಿದ್ದರೆ ಪುರ್ತಗೇರಿಯ ಗಾಡಿಗಳು ಆ ಅಂಗಡಿಗೆ ತಿರುಗುತ್ತಿರಲಿಲ್ಲ. ಆದರೆ ಅಪ್ಪ ಅಂದಿನಿಂದ ತಕ್ಕಡಿಯ ಕಡೆ ಬೆನ್ನು ಮಾಡಿ ಕುಳಿತೇ ಬರೆದ.

ಊಟಕ್ಕೆ ಕೂಡ್ರುವ ಮುಂಚೆ ತುಟಿಯಲ್ಲೇ ನಮ್ಮನ್ನು ಎಣಿಸುವ ಅವನ ರೂಢಿ ನಿನಗೆ ನೆನಪಿರಬೇಕು. ಅವ್ವ, ನೀನು, ನಾನು, ಕೊನೆಗೆ ತಾನು. ಜ್ವರ ತಲೆಗೇರಿದ ಮೇಲೆ ಅದೊಂದೇ ಉಳಿಯಿತು. ಸುದ್ದಿ ತಿಳಿದು ನಾನು ಬಂದಾಗ ಕಣ್ಣು ಮುಚ್ಚಿಕೊಂಡೇ, ‘ಒಂದ, ಎರಡ, ಮೂರ... ಒಬ್ಬ ಕಡಿಮಿ ಬರತಾನ. ಮತ್ತ ಎಣಸು’ ಎನ್ನುತ್ತಿದ್ದ. ಎರಡು ದಿನ ಹೀಗೇ. ಕೇಳಲಾಗಲಿಲ್ಲ, ಅಣ್ಣಾ. ಮೂರನೆಯ ದಿನ ಮುಂಜಾನೆ ಮೈನುದ್ದೀನನನ್ನು ಕರೆತಂದು ಅವನ ಕೈಯನ್ನು ಅಪ್ಪನ ಕೈಯಲ್ಲಿಟ್ಟು, ‘ಅಪ್ಪಾ, ಅಜ್ಜಪ್ಪಣ್ಣ ಬಂದಾನ’ ಎಂದುಬಿಟ್ಟೆ. ಅಪ್ಪ ಆ ಕೈಯ ಒಂದೊಂದೇ ಬೆರಳನ್ನು ಬಹಳ ಹೊತ್ತು ಸವರಿದ. ಆಮೇಲೆ, ‘ನಾಕ. ಆತು’ ಎಂದ. ಎಣಿಕೆ ನಿಂತಿತು. ಹೊರಗೆ ಬಂದ ಮೈನುದ್ದೀನ ಗೋಡೆ ಹಿಡಿದು ನಿಂತು, ‘ಶೇಖವ್ವಾ, ನಾ ಏನ ಮಾಡಿದ್ನಿ ಇದು’ ಎಂದ. ಇಳಿಹೊತ್ತಿಗೆ ಅಪ್ಪ ಇರಲಿಲ್ಲ.

ಸುಳ್ಳಿಗೆ ಸ್ವಂತ ಮಗನನ್ನೇ ಬಿಡದವನಿಗೆ ಕೊನೆಯಲ್ಲಿ ನಾನೇ ಸುಳ್ಳು ಹೇಳಿ ಕಳಿಸಿದೆ. ಅಂದಿನಿಂದ ಗಂಗಾಳಕ್ಕೆ ರೊಟ್ಟಿ ಹಾಕುವಾಗಲೆಲ್ಲ ಬೆನ್ನ ಹಿಂದೆ ಅಪ್ಪ ಎಣಿಸುವ ಆ ಪಿಸುಮಾತು ಕೇಳುತ್ತದೆ. ತಿರುಗಿದರೆ ಯಾರೂ ಇಲ್ಲ. ನಡುವೆ ಗಜೇಂದ್ರಗಡಕ್ಕೆ ಹೋಗಿ ಬಂದೆ, ಅಲ್ಲಿಯೂ ಬಿಡಲಿಲ್ಲ. ನಿನ್ನೆ ನನ್ನ ಮೂರು ವರ್ಷದ ಮಗಳು ದೇವವ್ವ ಊಟಕ್ಕೆ ಕುಳಿತವಳು ಅವ್ವನಿಗೆ, ನನಗೆ, ತನಗೆ ಬೆರಳು ತೋರಿಸಿ ಎಣಿಸಿದಳು. ಆಮೇಲೆ ಅಪ್ಪ ಒರಗುತ್ತಿದ್ದ ಕಂಬದ ಕಡೆ ಬೆರಳು ಮಾಡಿ, ‘ನಾಕ’ ಎಂದಳು. ಅವಳಿಗೆ ಇದನ್ನು ಯಾರೂ ಕಲಿಸಿಲ್ಲ. ಅವ್ವ ತುತ್ತು ಬಿಟ್ಟು ಎದ್ದು ಹೋದಳು.

ಇಷ್ಟನ್ನು ನಿನ್ನ ಹೊರತು ಯಾರಿಗೂ ಹೇಳಲಾರೆ. ಮೈನುದ್ದೀನ ನಿನ್ನನ್ನು ಕೇಳಿದ್ದಾನೆ. ಅವ್ವನ ಆಶೀರ್ವಾದ ನಿನ್ನ ತಲೆಯ ಮೇಲಿರಲಿ. ಮೈ ನೋಡಿಕೊಂಡು ಇರು.

ನಿನ್ನ ತಂಗಿ,
ಶೇಖವ್ವ

ತಾ.ಕ.: ಟಪಾಲಿನ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಏನು ಬರೆದೆ ಎಂದು ಅವ್ವ ಕೇಳಿದ್ದಕ್ಕೆ ಕಾಗದವನ್ನು ಓದಿ ಹೇಳಿದೆ. ಕೇಳಿ ಅಂದಳು: ‘ನೀ ಮೈನುದ್ದೀನನ ಹಿಂದ ಹೊರಗ ಹೋದಾಗ ನಿಮ್ಮಪ್ಪ ಕಣ್ಣ ತಗದಿದ್ರು. ಅದು ಮೈನುದ್ದೀನನ ಕೈ, ಶೇಖವ್ವಗ ಹೇಳಬ್ಯಾಡ, ನೊಂದಕೋತಾಳ ಅಂದ್ರು. ಅಜ್ಜಪ್ಪ ಬಂದ್ರ ಏನೂ ಕೇಳಬ್ಯಾಡ, ಮೊದಲ ಊಟಕ್ಕ ನೀಡು ಅಂದ್ರು.’